ಕ್ಯಾಲಿಫೋರ್ನಿಯಾದಲ್ಲಿ ಅಪ್ಪ-ಅಮ್ಮನ ಆರೈಕೆಗೆ ಜನ ಇಟ್ಟುಕೊಳ್ಳುವುದು ಹೇಗೆ?

ಫ್ರೀಮಾಂಟ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಮಗನ ಜೊತೆಗಿರುವ ಅಮ್ಮ ಹಾಸಿಗೆ ಹಿಡಿದರೆ, ಮನೆಯವರು ಮೊದಲು ಮಾಡುವುದು ವಾಟ್ಸ್ಆ್ಯಪ್ ಗುಂಪಿನಲ್ಲಿ 'ಯಾರಾದರೂ ಗೊತ್ತಾ?' ಅಂತ ಕೇಳುವುದು. ಕೇಳಿ, ತಪ್ಪಿಲ್ಲ. ಸಿಕ್ಕವರನ್ನು ವಿಚಾರಿಸದೆ ಮನೆಯೊಳಗೆ ಬಿಟ್ಟುಕೊಳ್ಳುವುದು ತಪ್ಪು.

1. ಎಂಥವರು ಬೇಕು ಅಂತ ತೀರ್ಮಾನಿಸಿ. ಸ್ನಾನ, ಬಟ್ಟೆ, ಊಟಕ್ಕೆ ನೆರವಾಗಲು ಹೋಮ್ ಕೇರ್ ಏಡ್ ಸಾಕು. ಇವರು ಮಾತ್ರೆಯ ಹೊತ್ತು ನೆನಪಿಸಬಹುದು, ಇಂಜೆಕ್ಷನ್ ಕೊಡುವಂತಿಲ್ಲ. ನರ್ಸ್ ಉಸ್ತುವಾರಿಯಲ್ಲಿ ರೋಗಿಯ ಆರೈಕೆ ಮಾಡುವ ಹೋಮ್ ಹೆಲ್ತ್ ಏಡ್ ಬೇರೆ; ಅವರಾಗಲು ಸಾಮಾನ್ಯವಾಗಿ 120 ಗಂಟೆ ತರಬೇತಿ, ರಾಜ್ಯದ ಸರ್ಟಿಫಿಕೇಟ್ ಬೇಕು. ಹಾಸ್ಪಿಸ್‌ಗೆ (ಕೊನೆಗಾಲದ ರೋಗಿಗಳ ಆರೈಕೆ ಸೇವೆ) ಸೇರಿಸಿದರೆ ದಿನವಿಡೀ ಜೊತೆಗಿರಲು ಒಬ್ಬರನ್ನು ಕಳಿಸುತ್ತಾರೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ಹಾಸ್ಪಿಸ್ ಏಡ್ ಬಂದು ಸ್ನಾನ ಮಾಡಿಸಿ ಹೊರಡುತ್ತಾರೆ. ಉಳಿದ ಹೊತ್ತಿನ ವ್ಯವಸ್ಥೆ ನಿಮ್ಮದೇ.

2. ಏಜೆನ್ಸಿ ಮೂಲಕವೇ ಹೋಗಿ. ನೇರವಾಗಿ ಇಟ್ಟುಕೊಂಡರೆ ಗಂಟೆಗೆ ಸ್ವಲ್ಪ ಉಳಿಯುತ್ತದೆ ನಿಜ, ಆದರೆ ಮಾಲೀಕರು ನೀವೇ ಆಗುತ್ತೀರಿ. ತೆರಿಗೆ ಲೆಕ್ಕವೂ ನಿಮ್ಮ ತಲೆಗೇ.

3. ನೋಂದಣಿ ನೋಡಿ. ಎಲ್ಲರೂ ಎಡವುವುದು ಇಲ್ಲೇ. 2016ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಏಜೆನ್ಸಿಗೆ ಲೈಸೆನ್ಸ್ ಬೇಕು. ಅದು ಕಳಿಸುವ ಏಡ್‌ಗೆ ನೋಂದಣಿ, ಬೆರಳಚ್ಚು ತಪಾಸಣೆ, ಕ್ಷಯ ಪರೀಕ್ಷೆ, ಕೆಲಸಕ್ಕೆ ಮುಂಚೆ 5 ಗಂಟೆ ತರಬೇತಿ ಆಗಿರಬೇಕು. ಸ್ವಂತವಾಗಿ ಕೆಲಸ ಮಾಡುವವರಿಗೆ ಮಾತ್ರ ನೋಂದಣಿ ಕಡ್ಡಾಯವಲ್ಲ! ಕಾನೂನಿನ ದೊಡ್ಡ ತೂತು ಇದೇ. ಕಡ್ಡಾಯವಲ್ಲದಿದ್ದರೂ ನೀವು ಕೇಳಿ. ನೋಂದಣಿ ಇಲ್ಲ ಅಂದರೆ ಬೇಡ ಅನ್ನಿ.

ಪೂರ್ತಿ ಹೆಸರು, ನೋಂದಣಿ ನಂಬರ್ ಎರಡೂ ಇಸಿದುಕೊಳ್ಳಿ. ಹೆಸರಿನ ಕಾಗುಣಿತ ಅವರ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಲಿ. ರಾಜ್ಯದ ಸಮಾಜ ಸೇವಾ ಇಲಾಖೆಯ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಫೋನಿನಲ್ಲಿ ಕಳಿಸಿದ ಕಾರ್ಡಿನ ಫೋಟೊ ಲೆಕ್ಕಕ್ಕಿಲ್ಲ. ನಂಬರ್ ಇದ್ದ ಮಾತ್ರಕ್ಕೆ ತಪಾಸಣೆ ಮುಗಿದಿದೆ ಅಂತಲೂ ಅಲ್ಲ, ಈಗಿನ ಸ್ಥಿತಿ ಏನಿದೆ ನೋಡಿ. ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಹಾಗಾಗಿ ತಾರೀಖನ್ನೂ ಗಮನಿಸಿ. ಆನ್‌ಲೈನಲ್ಲಿ ದುಡ್ಡು ತೆತ್ತು ತರಿಸುವ 'ಹಿನ್ನೆಲೆ ವರದಿ' ಸುಮ್ನೆ ದಂಡ. ಅವು ಹೆಸರು ಹಿಡಿದು ಹುಡುಕುತ್ತವೆ, ಬೆರಳಚ್ಚು ಹಿಡಿದಲ್ಲ.

4. ನೇರವಾಗಿ ಇಟ್ಟುಕೊಂಡಿದ್ದರೆ, ಕೆಲಸದ ಗಂಟೆ ಬರೆದಿಡಿ. ದಿನಕ್ಕೆ 9 ಅಥವಾ ವಾರಕ್ಕೆ 45 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. 'ಮನೆಯವರ ಥರಾನೇ ಅಲ್ವಾ' ಅಂತ ಜಾರಿಕೊಳ್ಳಬೇಡಿ.

5. ಹಾಸ್ಪಿಸ್ ಏಡ್ ಬರುತ್ತಿದ್ದರೆ, 14 ದಿನಕ್ಕೊಮ್ಮೆಯಾದರೂ ನರ್ಸ್ ಮನೆಗೆ ಬಂದು ಆರೈಕೆ ಹೇಗಿದೆ ಅಂತ ನೋಡಬೇಕು. ಆವತ್ತು ಮನೆಯಲ್ಲೇ ಇದ್ದು, ದೂರು ಏನಿದ್ದರೂ ಅವರಿಗೇ ಹೇಳಿ.