ಮನೆಯ ನೆಟ್‌ವರ್ಕ್ ರ‍್ಯಾಕ್: ಬಾಗಿಲು ಹಾಕಿದರೆ ಇಂಟರ್ನೆಟ್ ಹೋಗುತ್ತಿದ್ದುದಕ್ಕೆ ಪರಿಹಾರ

ಲಕ್ಷಣ: 4ಯು (ಯು ಎಂದರೆ ಉಪಕರಣದ ಎತ್ತರದ ಅಳತೆ) ಗೋಡೆ ರ‍್ಯಾಕಿನ ಬಾಗಿಲು ಮುಚ್ಚಿದ ತಕ್ಷಣ ಒಎನ್‌ಟಿಯಲ್ಲಿ (ಫೈಬರಿನ ಬೆಳಕನ್ನು ಇಂಟರ್ನೆಟ್ ಆಗಿ ಬದಲಿಸುವ ಪೆಟ್ಟಿಗೆ) ಕೆಂಪು ಎಲ್‌ಒಎಸ್ ದೀಪ (ಸಿಗ್ನಲ್ ಸಿಗುತ್ತಿಲ್ಲ ಎಂಬ ಸೂಚನೆ), ತೆರೆದರೆ ಸರಿ.

ಫ್ಯಾನ್, ಹೊಸ ಅಡಾಪ್ಟರ್, ಹೊಸ ಪ್ಯಾಚ್ ಕಾರ್ಡ್ (ಜೋಡಣೆಯ ಗಿಡ್ಡ ಕೇಬಲ್) ಯಾವುದೂ ಫಲಿಸಲಿಲ್ಲ. ಬಾಗಿಲು ಫೈಬರನ್ನು ಕನೆಕ್ಟರ್ ಬುಡದಲ್ಲೇ ಮಡಚುತ್ತಿತ್ತು. ಸಾಮಾನ್ಯ ಫೈಬರಿಗೆ ಸುಮಾರು 30 ಮಿ.ಮೀ. ಬಾಗು ತ್ರಿಜ್ಯ (ಬಾಗಿದ ಸುತ್ತಿನ ತ್ರಿಜ್ಯ) ಬೇಕು, ಇಲ್ಲದಿದ್ದರೆ ಬೆಳಕು ಸೋರುತ್ತದೆ.

ಸರಿಹೋದದ್ದು 6ಯು, 450 ಮಿ.ಮೀ. ಆಳದ 19 ಇಂಚಿನ ರ‍್ಯಾಕಿನಿಂದ. ಮೊದಲು ಮುಂದಿನ ರೈಲುಗಳನ್ನು (ಉಪಕರಣ ಬಿಗಿಯುವ ಪಟ್ಟಿಗಳು) ಬಾಗಿಲಿನಿಂದ 80 ಮಿ.ಮೀ. ಹಿಂದಕ್ಕೆ ಸರಿಸಿ ಬಿಗಿ ಮಾಡಿ. ಉಪಕರಣ ಕೂತ ಮೇಲೆ ಇದು ಬಲು ಕಷ್ಟ. ಆಮೇಲೆ ಕೆಳಗಿನಿಂದ ಪವರ್ ಸ್ಟ್ರಿಪ್, ಸ್ವಿಚ್, ಪ್ಯಾಚ್ ಪ್ಯಾನೆಲ್ (ಮನೆಯ ಕೇಬಲ್‌ಗಳು ಬಂದು ಸೇರುವ ಫಲಕ), ಮೇಲೆ ಶೆಲ್ಫಿನಲ್ಲಿ ಒಎನ್‌ಟಿ. ಹೆಚ್ಚುವರಿ ಫೈಬರನ್ನು ಅಗಲ ಸುರುಳಿ ಮಾಡಿ ವೆಲ್ಕ್ರೋದಿಂದ ಸಡಿಲವಾಗಿ ಕಟ್ಟಿ, ಜಿಪ್ ಟೈ ಬೇಡ. ವೈಫೈ ರೂಟರ್ ರ‍್ಯಾಕಿನ ಹೊರಗಿರಲಿ, ಲೋಹ ಸಿಗ್ನಲ್ ತಡೆಯುತ್ತದೆ.