ಕಾನ್ಹೇರಿಗೆ ನೀರಿನ ದಾರಿ

ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿರುವ ಕಾನ್ಹೇರಿಯ ಬೌದ್ಧ ಗುಹೆಗಳನ್ನು ತೋರಿಸಲು ನಾನು ಜನರನ್ನು ಕರೆದೊಯ್ದ ಮೊದಲ ಭಾನುವಾರ, ಬೊರಿವಲಿ ನಿಲ್ದಾಣದಿಂದ ಹೊರಟವರು ಇಪ್ಪತ್ತೆರಡು ಜನ. ಮೂರನೆಯ ಗುಹೆಯ ದೊಡ್ಡ ಚೈತ್ಯದಲ್ಲಿ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದಲ್ಲಿ, ನಿಂತು, ಶಾತವಾಹನರಿಂದ ಹಿಡಿದು ಶಿಲಾಹಾರರನ್ನು ಮುಟ್ಟುವಷ್ಟರಲ್ಲಿ ನನ್ನ ಎದುರು ಉಳಿದವರು ಒಂಬತ್ತೇ ಜನ. ರಾತ್ರಿಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾದವನಿಗೆ ಅದು ನೋವಿನ ದಿನ. ಅಚ್ಚು ಹಾಕಿಸಿದ್ದ ರಾಜವಂಶಗಳ ಪಟ್ಟಿಗೆ ಸುಮಾರು ಮೂರು ಸಾವಿರ ರೂಪಾಯಿ ಖರ್ಚಾಗಿತ್ತು. ಮುಕ್ಕಾಲು ಪಾಲು ಹಾಳೆಗಳು ಮನೆಗೆ ಮರಳಿದವು. ಮರುವರ್ಷ ಮಿನಿ ಬಸ್ ಗೊತ್ತುಮಾಡಿದೆ. ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಬರಲಿಲ್ಲ, ಪಿಂಚಣಿಯಲ್ಲಿ ಏಳು ಸಾವಿರ ಹೋಯಿತು. "ಮಾಸ್ಟ್ರೇ, ಇರುವ ಒಂದು ರಜೆಯಲ್ಲಿ ಕಲ್ಲು ನೋಡಲು ಯಾರು ಬರುತ್ತಾರೆ?" ಎಂದರು ಗೆಳೆಯರು.

ದಾರಿ ತೋರಿಸಿದ್ದು ಒಂದು ಜುಲೈ ತಿಂಗಳ ಮಳೆ. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬುದ್ಧನ ವಿಗ್ರಹ ಬಿಟ್ಟು ಬಂಡೆಯಲ್ಲಿ ಕೊರೆದ ಸಣ್ಣ ಕಾಲುವೆಯನ್ನೇ ನೋಡುತ್ತ ನಿಂತ. "ಈ ನೀರು ಎಲ್ಲಿಗೆ ಹೋಗುತ್ತದೆ, ಮಾಸ್ಟ್ರೇ?" ಎಂದ. ಇಬ್ಬರೂ ಅದರ ಹಿಂದೆಯೇ ಇಳಿದೆವು. ಅದು ಗುಹೆಯ ಪಕ್ಕದ ತೊಟ್ಟಿಗೆ ಸೇರಿತು.

ಅಂದಿನಿಂದ ನಾನು ರಾಜರಿಂದ ಆರಂಭಿಸುವುದಿಲ್ಲ, ನೀರಿನಿಂದ ಆರಂಭಿಸುತ್ತೇನೆ. ನೂರಕ್ಕೂ ಹೆಚ್ಚು ಗುಹೆಗಳಿರುವ ಈ ಬೆಟ್ಟದಲ್ಲಿ ಭಿಕ್ಷುಗಳು ಬೇಸಿಗೆ ಕಳೆದದ್ದು ಹೇಗೆ ಎಂದು ಕೇಳಿ ಸುಮ್ಮನಾಗುತ್ತೇನೆ. ಜನರೇ ತೊಟ್ಟಿ ಹುಡುಕಲು ಹೊರಡುತ್ತಾರೆ. ಆಮೇಲೆ ಪ್ರಾಚೀನ ಬ್ರಾಹ್ಮಿ ಲಿಪಿಯ ದಾನಶಾಸನಗಳತ್ತ ಕರೆದೊಯ್ಯುತ್ತೇನೆ. ಅವುಗಳಲ್ಲಿ ತೊಟ್ಟಿಗೆ 'ಪೊಢಿ' ಎಂಬ ಮಾತಿದೆ. ಕಲ್ಯಾಣ, ಸೊಪಾರಗಳ ಜನ ಕೊಟ್ಟ ದಾನ ಎಂದಾಗ, ದಿನವೂ ಕಲ್ಯಾಣದ ಲೋಕಲ್ ಹಿಡಿಯುವವರ ಮುಖ ನೋಡಬೇಕು! ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಕ 799ರ, ಅಂದರೆ ಕ್ರಿ.ಶ. 877ರ, ಶಾಸನವೂ ಈ ಬೆಟ್ಟದಲ್ಲಿದೆ. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ತಲೆಯಾಡಿಸಿ ಮುಂದೆ ನಡೆಯುತ್ತಾರೆ. ಕಾಲು ದಣಿದ ಮೇಲೆ ಹೇಳಿದರೆ ಅಲ್ಲೇ ಕುಳಿತುಬಿಡುತ್ತಾರೆ.

ಸವೆದ ಅಕ್ಷರ ಓದಿಸುವುದಕ್ಕೂ ಕೆಲವು ಪ್ರಯೋಗ ಮಾಡಿದೆ. ಟಾರ್ಚ್ ನೇರವಾಗಿ ಬಿಟ್ಟರೆ ಏನೂ ಕಾಣದು. ಕಪ್ಪು ಕೊಡೆಯ ನೆರಳು ಮಾಡಿ, ಅರವತ್ತು ರೂಪಾಯಿಯ ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಿದಾಗ ಗೆರೆಗಳು ಎದ್ದು ನಿಂತವು. ಕಲ್ಲನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಯಾವ ಗುಹೆಯಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ಚಳಿಗಾಲ ಬೇಕಾಯಿತು.

ಈಗ ಮಿನಿ ಬಸ್ ಇಲ್ಲ. ಉದ್ಯಾನದ ಬಸ್ಸೇ ಸಾಕು. ಟಿಕೆಟ್ ಅವರವರದು, ನನಗೆ ಸಂಭಾವನೆ ಇಲ್ಲ. ಕಳೆದ ಡಿಸೆಂಬರಿನಲ್ಲಿ ನಲವತ್ತರಷ್ಟು ಜನ ಬಂದರು, ಸಂಜೆಯವರೆಗೂ ಯಾರೂ ಕದಲಲಿಲ್ಲ. ಅನುಮಾನಪಟ್ಟ ಗೆಳೆಯರಲ್ಲಿ ಮೂವರು ಆ ಗುಂಪಿನಲ್ಲಿದ್ದರು.

ಭಾನುವಾರ ಬಿಡುವಿಲ್ಲದ ಹೋಟೆಲಿನವರಿಗೆ ಬೇರೆ ತಂಡವಿದೆ. ಸೋಮವಾರ ಗುಹೆಗಳು ಮುಚ್ಚಿರುವುದರಿಂದ ಅವರನ್ನು ಮಂಗಳವಾರ ಬೆಳಿಗ್ಗೆ ಕರೆದೊಯ್ಯುತ್ತೇನೆ. ಕಾಲುವೆ ತೋರಿಸುವ ಕೆಲಸವನ್ನು ಆ ವಿದ್ಯಾರ್ಥಿಗೇ ವಹಿಸಿದ್ದೇನೆ.