ದೊಡ್ಡ ಹುಡುಗ್ರು ಹಾಸಿಗ್ಯಾಗ ಉಚ್ಚಿ ಹೊಯ್ಕೊಂಡ್ರ
ಎಂಟ್-ಹತ್ತು ವರ್ಷದ ಹುಡುಗ ರಾತ್ರಿ ಉಚ್ಚಿ ಹೊಯ್ಕೊಂಡ್ರ ಬೈಬ್ಯಾಡ್ರಿ, ಅಂವ ಬೇಕಂತ ಮಾಡಂಗಿಲ್ಲ. ಅಪ್ಪಗೋ ಅವ್ವಗೋ ಸಣ್ಣವರಿದ್ದಾಗ ಹಿಂಗ ಇತ್ತೇನು, ಅಜ್ಜಿನ್ನ ಕೇಳ್ರಿ. ಭಾಳ ಮನ್ಯಾಗ ಇದು ವಂಶದಾಗ ಬಂದಿರ್ತದ.

ನಮ್ಮ ವಿಜಯಪುರದ ಬ್ಯಾಸಗ್ಯಾಗ ನೀರು ಬಂದ್ ಮಾಡೂದು ತಪ್ಪು. ಸಾಲಿಗೆ ಬಾಟ್ಲಿ ತುಂಬಿ ಕಳಸ್ರಿ, ಹಗಲೊತ್ತು ಚಲೋ ಕುಡೀಲಿ, ಮಲಗೂಕಿಂತ ಒಂದೆರಡು ತಾಸು ಮೊದಲ ಕಡಿಮಿ ಮಾಡ್ರಿ. ಸಂಜಿ ಚಹಾ ಬ್ಯಾಡೇ ಬ್ಯಾಡ.

ಮುಖ್ಯ, ಸಂಡಾಸ ಸಾಫ್ ಆಗ್ತದೇನು ನೋಡ್ರಿ. ಮಲ ಕಟ್ಟಿದ್ರ ಮೂತ್ರಕೋಶ ಒತ್ತತದ, ಇದನ್ನ ಯಾರೂ ಲಕ್ಷ್ಯಕ್ಕ ತಗೋಳಂಗಿಲ್ಲ. ಗಾದಿ ಮ್ಯಾಲ ರಬ್ಬರ್ ಶೀಟ್, ಅದರ ಮ್ಯಾಲ ಹಳೇ ಕೌದಿ ಹಾಸ್ರಿ.

ಆರು ತಿಂಗಳು ಬಂದಾಗಿ ಮತ್ತ ಶುರುವಾದ್ರ, ಭಾಳ ನೀರಡಿಕಿ ಇದ್ರ, ಉಚ್ಚಿ ಉರದ್ರ ತಡಾ ಮಾಡದ ಡಾಕ್ಟರ್ ಕಡೆ ಹೋಗ್ರಿ. ಸಕ್ಕರಿನೂ ತಪಾಸ ಮಾಡಸ್ರಿ.